ಕಂಪನಿಯ ಗೋಡೆ ದಾಟಿದ ಮಾತು

ಎರಡು ವರ್ಷದ ಕರಾರಿನ ಮೇಲೆ ಕಂಪನಿಯ ಆವರಣ ಸೇರಿದವರನ್ನು ಹೊರಗಿನವರು ತಾವಾಗಿ ಮಾತಾಡಿಸುವಂತಿರಲಿಲ್ಲ. ಒಳಗಿನವರು ಒಂದು ಪ್ರಶ್ನೆ ಕಳಿಸಿದರೆ ಕಂಪ್ಯೂಟರ್ ಜಾಲ ಕಾಯುವ ಫೈರ್‌ವಾಲ್ ಒಂದೇ ಒಂದು ಉತ್ತರವನ್ನು ಒಳಗೆ ಬಿಟ್ಟು ಆ ದಿನದ ಮಟ್ಟಿಗೆ ಬಾಗಿಲು ಮುಚ್ಚುತ್ತಿತ್ತು. ಅದನ್ನು ನೋಡಿಕೊಳ್ಳುವ ಕೆಲಸ ಮಂದಾಕಿನಿಯದು. ಅವಳು ದಿನಕ್ಕೊಮ್ಮೆ ಗಂಡ ಶ್ರೀಪಾದನಿಗೆ "ಊಟ ಆಯ್ತಾ?" ಎಂದು ಕೇಳುತ್ತಿದ್ದಳು. "ಆಯ್ತು" ಎಂದು ಬರುತ್ತಿತ್ತು.

ಪಕ್ಕದ ಮೇಜಿನ ಕಸ್ತೂರಿ ಮಾತ್ರ ಊಟದ ಹೊತ್ತಿನಲ್ಲಿ ಗಂಡನ ಜೊತೆ ಎಡೆಬಿಡದೆ ಹರಟುತ್ತಿದ್ದಳು, ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದಳು. ಆ ನಗು ಕೇಳಿದರೆ ಮಂದಾಕಿನಿ ಅರ್ಧ ಊಟಕ್ಕೇ ಡಬ್ಬಿ ಮುಚ್ಚಿಬಿಡುತ್ತಿದ್ದಳು. ಒಂದು ದಿನ ಹೇಗೆಂದು ಕೇಳಿಯೇಬಿಟ್ಟಳು.

"ನಿಮ್ಮ ಹತ್ರ ಮುಚ್ಚುಮರೆ ಯಾಕಕ್ಕ?" ಎಂದಳು ಕಸ್ತೂರಿ. "ಅವರ ಉತ್ತರ ಬರೋ ಮೊದಲೇ 'ಮತ್ತೆ?' ಅಂತ ಇನ್ನೊಂದು ಪ್ರಶ್ನೆ ಕಳಿಸಿಟ್ಟಿರಿ. ಬಾಗಿಲು ಮುಚ್ಚೋದೇ ಇಲ್ಲ."

ಮರುದಿನ ಮಂದಾಕಿನಿ ಹಾಗೆಯೇ ಮಾಡಿದಳು.

"ಮತ್ತೆ?"

"ಏನಿಲ್ಲ," ಎಂದ ಶ್ರೀಪಾದ.

"ಮತ್ತೆ?"

"ಇನ್ನೇನು? ಎಲ್ಲಾ ಹೇಳಿದ್ನಲ್ಲ."

ಪಕ್ಕದಲ್ಲಿ ಕಸ್ತೂರಿ ಗಂಡನ ಜೊತೆ ಹರಟುತ್ತಾ ಬಿದ್ದುಬಿದ್ದು ನಗುತ್ತಿದ್ದಳು.

ಮಂದಾಕಿನಿ ತನ್ನ ಕಂಪ್ಯೂಟರಿನ ಮುಂದೆ ಕುಳಿತು, ಮೊದಲ ಉತ್ತರ ಬರುವ ಮುನ್ನ ಎರಡನೆಯ ಪ್ರಶ್ನೆ ಹೋಗದಂತೆ ಫೈರ್‌ವಾಲಿಗೆ ಹೊಸ ನಿಯಮ ಬರೆದಳು. ನಗು ಅರ್ಧಕ್ಕೇ ನಿಂತಿತು.

ಸ್ವಲ್ಪ ಹೊತ್ತಿಗೆ ಕಸ್ತೂರಿ ಅಳುತ್ತಾ ಬಂದು ಅವಳ ಕೈ ಹಿಡಿದುಕೊಂಡಳು. "ಮೇಲಿನವರು ಪತ್ತೆ ಹಚ್ಚಿಬಿಟ್ರು ಅನ್ಸುತ್ತಕ್ಕ. ನನ್ನದಿರಲಿ, ಇಷ್ಟು ದಿನ ಮಾತಾಡಿದೆ. ಪಾಪ, ನಿಮಗೆ ಇವತ್ತಷ್ಟೇ ಸಿಕ್ಕಿತ್ತು."