ಮೆಣಸಿನಕಾಯಿ ಜಗಳ ಮುಗಿದ ಬಗೆ

ಹಾವೇರಿ ಕಡೆ ಒಂದು ಮೆಣಸಿನಕಾಯಿ ಪೇಟೆ... ಸುಗ್ಗಿ ಬಂತೆಂದರೆ ಅಲ್ಲಿ ನೆಲವೇ ಕೆಂಪು ಸೀರೆ ಉಟ್ಟು ಕೂತಂತೆ ಕಾಣುತ್ತದೆ.

ಆ ಪೇಟೆಯಲ್ಲಿ ವಿರೂಪಾಕ್ಷಪ್ಪ ಸಾಹುಕಾರರದ್ದು ಹಳೆಯ ಅಂಗಡಿ. ಪಕ್ಕದೂರಿನ ನಾಗವೇಣಿ ಹೊಸದಾಗಿ ಖಾರದಪುಡಿ ಫ್ಯಾಕ್ಟರಿ ಹಾಕಿದವಳು.

ವರ್ಷವಿಡೀ ಒಣಮೆಣಸಿನಕಾಯಿ ಕೊಡುವುದಾಗಿ ಅವರು, ಅವರಲ್ಲೇ ಕೊಳ್ಳುವುದಾಗಿ ಇವಳು... ಸ್ಟಾಂಪ್ ಪೇಪರಿನ ಮೇಲೆ ಒಪ್ಪಂದವಾಯಿತು.

ಮೊದಲ ಲೋಡ್ ಬಂತು. ನಾಗವೇಣಿ ಚೀಲಗಳನ್ನು ಗೋಡೌನಿನಲ್ಲಿ ಒಪ್ಪವಾಗಿ ಪೇರಿಸಿ ಬಾಗಿಲು ಹಾಕಿದಳು.

ಕೆಲವು ದಿನ ಬಿಟ್ಟು ಬಿಚ್ಚಿ ನೋಡಿದರೆ... ಒಳಗೆಲ್ಲ ಬೂಷ್ಟು!

ಫೋನ್ ಮಾಡಿ ಹೇಳಿದಳು. ಆ ಕಡೆ ಸಾಹುಕಾರರು ಗೊಳ್ಳನೆ ನಕ್ಕುಬಿಟ್ಟರು.

ಅವಳ ಮೈಯೆಲ್ಲ ಉರಿಯಿತು. ನೇರ ಪೇಟೆಗೆ ಹೋಗಿ, ಮಾಲಿಗೆ ಬೆಲೆ ಕಟ್ಟುವ ಟೆಂಡರ್ ಹೊತ್ತಿನಲ್ಲಿ ಎಲ್ಲರೆದುರು ಕೂಗಿದಳು... "ನೀರ್ ಹೊಡದು ತೂಕ ಏರಿಸೋ ಮೋಸಗಾರ ಈತ!"

ಸಾಹುಕಾರರು ಮಾಲು ನಿಲ್ಲಿಸಿದರು. ಒಪ್ಪಂದ ಮುರಿದರೆಂದು ಅವಳು, ಮಾನ ಕಳೆದಳೆಂದು ಅವರು... ಇಬ್ಬರೂ ವಕೀಲರ ಮನೆ ಮೆಟ್ಟಿಲು ಹತ್ತಿದರು.

ಫ್ಯಾಕ್ಟರಿ ನಿಂತಿತು. ಬೇರೆ ಅಂಗಡಿಯವರನ್ನು ಕೇಳಿದರೆ, "ನಾಳೆ ನಮಗೂ ಹಿಂಗ ಬೈದ್ರ ಏನ್ ಮಾಡೂದವ್ವಾ?" ಎಂದು ಬಾಗಿಲಲ್ಲೇ ಕೈ ಮುಗಿದರು.

ಸುಗ್ಗಿ ಮುಗಿಯುತ್ತ ಬಂದಿತ್ತು. ಈ ಸುಗ್ಗಿ ತಪ್ಪಿದರೆ ಮೆಷಿನ್ ಈ ವರ್ಷ ತಿರುಗುವುದಿಲ್ಲ... ಬಹುಶಃ ಮುಂದೆಂದೂ.

ಇಬ್ಬರ ವಕೀಲರೂ ಹೇಳಿದ್ದು ಒಂದೇ, "ಕೋರ್ಟ್ ಅಂದ್ರ ವರ್ಷಗಟ್ಟಲೆ ಆಗ್ತದ. ಮೊದಲ ಮೀಡಿಯೇಷನ್‌ಗೆ ಹೋಗ್ರಿ. ಅಲ್ಲಿ ತೀರ್ಪು ಕೊಡೋರು ಯಾರೂ ಇರಂಗಿಲ್ಲ. ಮನಸಿಗೆ ಬಂದ್ರ ಸಹಿ, ಇಲ್ಲಂದ್ರ ಎದ್ದು ಬರ್ರಿ."

ಮಧ್ಯಸ್ಥಿಕೆ ಮಾಡುವವರು ವಿಶಾಲಾಕ್ಷಿ ಮೇಡಂ. ಇಬ್ಬರೂ ಫೈಲು ಬಿಚ್ಚುವಷ್ಟರಲ್ಲೇ ತಡೆದರು.

"ಫೈಲ್ ಇರ್ಲಿ. ಮೊದಲ ಅವರ ಕಥಿ ನೀವು ಹೇಳ್ರಿ, ನಿಮ್ಮ ಕಥಿ ಅವರು ಹೇಳ್ಲಿ. ಎದುರಿನವರು 'ಹೌದು' ಅನ್ನೂತನಕ."

"ಇದೇನ್ರೀ, ನಾಟಕ ಕಂಪನಿನಾ?" ಎಂದರು ಸಾಹುಕಾರರು.

"ಹೂಂ ರೀ, ಟಿಕೆಟ್ ಇಲ್ಲ. ಸುರು ಮಾಡ್ರಿ."

ಸಾಹುಕಾರರು ಕೆಮ್ಮಿ ಗಂಟಲು ಸರಿಮಾಡಿಕೊಂಡರು. "ನಾನು ನಾಗವೇಣಿ. ಮಾಲು ಬಂತು. ಗೋಡೌನ್‌ದಾಗ ಒಟ್ಟಿದೆ. ಬಿಸಲಿಗೆ ಹಾಕ್ಲಿಲ್ಲ..."

"ಬಿಸಲಿಗೆ ಯಾಕ ಹಾಕ್ಬೇಕ್ರೀ?" ನಾಗವೇಣಿ ನಡುವೆಯೇ ಕೇಳಿದಳು. "ಒಣಗಿದ ಕಾಯಿ ಅಂತನ ತಗೊಂಡಿದ್ನಲ್ಲ?"

ಸಾಹುಕಾರರು ಕುರ್ಚಿಯಿಂದ ಮುಂದಕ್ಕೆ ಬಾಗಿ ಅವಳನ್ನೇ ನೋಡಿದರು.

ಆ ಪೇಟೆಯಲ್ಲಿ ಒಂದು ರೂಢಿ. ಒಣಗಿದ ಕಾಯಿ ಚೀಲಕ್ಕೆ ತುಳಿದು ತುಂಬುವಾಗ ಮುರಿಯಬಾರದೆಂದು ತುಸು ನೀರು ಚಿಮುಕಿಸುತ್ತಾರೆ. ಕೊಂಡವರು ಚೀಲ ಇಳಿಸಿದ ಕೂಡಲೇ ಬಿಚ್ಚಿ ಬಿಸಿಲಿಗೆ ಹರಡಬೇಕು.

ಇದು ಎಲ್ಲರಿಗೂ ಎಷ್ಟು ಗೊತ್ತೆಂದರೆ... ಯಾರೂ ಯಾರಿಗೂ ಹೇಳುವುದೇ ಇಲ್ಲ. ಒಪ್ಪಂದದಲ್ಲೂ ಯಾರೂ ಬರೆದಿರಲಿಲ್ಲ.

"ನಿನಗ... ಯಾರೂ ಹೇಳಿರಲಿಲ್ಲವ್ವಾ?"

"ನೀವ ಹೇಳ್ಬೇಕಿತ್ತಲ್ರೀ!"

"ನೀ ಫೋನ್‌ದಾಗ ಚ್ಯಾಷ್ಟಿ ಮಾಡಾಕತ್ತೀ ಅಂದ್ಕೊಂಡು ನಕ್ಕೆ..."

ಮೇಡಂ ನಾಗವೇಣಿಯ ಕಡೆ ತಿರುಗಿದರು. "ಈಗ ನೀವು."

"ನಾನು ವಿರೂಪಾಕ್ಷಪ್ಪ. ನಮ್ಮಪ್ಪನ ಕಾಲದ ಅಂಗಡಿ. ಒಬ್ಬಾಕಿ ಬಂದು ಎಲ್ಲಾರ ಮುಂದ ಮೋಸಗಾರ ಅಂದ್ಲು..." ಅವಳ ದನಿ ಸಣ್ಣದಾಯಿತು. "ಸಿಟ್ಟು ಬಂತು. ಮರುದಿನ ಅಂಗಡಿ ತಗದು ಕುಂತೆ..."

"ಇಲ್ಲವ್ವಾ." ಸಾಹುಕಾರರು ಮೆಲ್ಲಗೆ ತಲೆಯಾಡಿಸಿದರು. "ಮರುದಿನ ನಾ ಅಂಗಡಿಗೆ ಹೋಗ್ಲಿಲ್ಲ. ಜ್ವರ ಬಂದೈತಿ ಅಂತ ಮನ್ಯಾಗ ಸುಳ್ಳು ಹೇಳಿ ಮಲಗಿದ್ದೆ."

ಹೆಗಲ ಮೇಲಿನ ಟವೆಲಿನಿಂದ ಕಣ್ಣು ಒರೆಸಿಕೊಂಡರು. ನಾಗವೇಣಿ ಸೆರಗು ಹುಡುಕಿದಳು.

ಆ ಕೋಣೆಯಲ್ಲಿ ಒಂದು ಮೆಣಸಿನಕಾಯಿಯೂ ಇರಲಿಲ್ಲ...

"ಪೇಟಿಗೆ ಬಂದು ಎಲ್ಲಾರ ಮುಂದ 'ತಪ್ಪಾತು' ಅಂತೀನ್ರೀ."

"ಏ, ಅದೆಲ್ಲ ಬ್ಯಾಡ. ಬಂದು ನಮ್ಮ ಅಂಗಡ್ಯಾಗ ಕುಂತು ಒಂದ್ ಕಪ್ ಚಾ ಕುಡಿ. ಪೇಟಿ ಮಂದಿಗೂ ಕಣ್ಣದಾವ."

ಬೂಷ್ಟು ಹಿಡಿದ ಮಾಲಿನ ನಷ್ಟ ಇಬ್ಬರಿಗೂ ಸಮಪಾಲು ಎಂದಾಯಿತು. ಒಪ್ಪಂದಕ್ಕೆ ಒಂದು ಸಾಲು ಹೆಚ್ಚಾಯಿತು... 'ಚೀಲ ಇಳಿದ ದಿನವೇ ಬಿಸಿಲಿಗೆ ಹರಡತಕ್ಕದ್ದು.' ಇಬ್ಬರೂ ಸಹಿ ಹಾಕಿದರು.

ಲೋಡ್ ಹೊರಡುವ ದಿನ ನಾಗವೇಣಿ ಸಾಹುಕಾರರ ಗಾದಿಯ ಮೇಲೆ ಕೂತು ಚಹಾ ಕುಡಿದಳು. ಪೇಟೆಯವರೆಲ್ಲ ಕೈಯ ಕೆಲಸ ಬಿಟ್ಟು ಅತ್ತಲೇ ನೋಡಿದರು.

"ಏನ್ ನೋಡ್ತೀರ್ಲೇ? ನನ್ನ ಗಿರಾಕಿ ಅದಾಳ. ನಿಮ್ಮ ಮಾಲು ನೋಡ್ಕೋರಿ!" ಸಾಹುಕಾರರು ಗದರಿದರು.

ಕಾಯಿ ಬಿಸಿಲುಂಡು ಗರಿಗರಿಯಾದ ಮೇಲೆ, ನಿಂತ ಮೆಷಿನ್ ಮತ್ತೆ ತಿರುಗಿತು. ಖಾರದ ಘಾಟಿಗೆ ಓಣಿಯವರೆಲ್ಲ ಸೀನತೊಡಗಿದರು... ಯಾರೂ ಬೈಯಲಿಲ್ಲ.

*ನಮಗೆ ಗೊತ್ತಿರುವುದು ಎದುರಿನವರಿಗೂ ಗೊತ್ತು ಎಂದುಕೊಂಡಲ್ಲಿ ಜಗಳ ಹುಟ್ಟುತ್ತದೆ. ಎದುರುಬದುರು ಕೂತು ಕೇಳಿದಲ್ಲಿ ತೀರುತ್ತದೆ.*

ನೀವು ಮಾತು ಬಿಟ್ಟಿರುವ ಒಬ್ಬರ ಕಥೆಯನ್ನು... ಅವರು 'ಹೌದು' ಅನ್ನುವ ಹಾಗೆ ಹೇಳಲು ನಿಮ್ಮಿಂದ ಆದೀತೇ?