ಕೊನೆಯ ಹಾಡಿನ ರಿಪೇರಿ

ಸ್ಟುಡಿಯೋದಲ್ಲಿ ಅವಳು ಗಿಟಾರ್ ಮೀಟಿದಳು. ಗಿಟಾರಿನ ಸದ್ದು ಹಿಗ್ಗಿಸುವ ಹಳೆಯ ಆ್ಯಂಪ್‌ನಿಂದ ತಿಳಿನೀರಿನಂಥ ಸ್ವರ ಹೊರಟಿತು. ವಾಲ್ಯೂಮ್ ಪೂರ್ತಿ ಏರಿಸಿ ಮತ್ತೆ ಮೀಟಿದಳು. ಎಂದಿನ ಗೊರಗೊರ ಇಲ್ಲ, ಊಳಿಲ್ಲ. ಸದ್ದನ್ನು ಒರಟಾಗಿಸುವ ಪೆಡಲ್ ಒತ್ತಿ ನೋಡಿದಳು. ಸಭ್ಯವಾಗಿ ಕೂಗಿತು, ಅಷ್ಟೆ.

"ಏನೇ ಇದು? ಸೋಪು ಹಚ್ಚಿ ಸ್ನಾನ ಮಾಡಿಸ್ಕೊಂಡು ಬಂದಿದೀಯಾ ಇದಕ್ಕೆ?" ಡ್ರಮ್ಸ್ ಬಾರಿಸುವ ಗುಂಡ ಕೇಳಿದ.

"ಅಪ್ಪನ ಕೆಲಸ. ನಿನ್ನೆ ಇದನ್ನ ಬಿಚ್ಕೊಂಡು ಕೂತಿದ್ರಂತೆ. ನಾನು ಸುಸ್ತಾಗಿ ಮಲಗಿಬಿಟ್ಟಿದ್ದೆ."

ಅವರ ತಂಡ ಹೆಸರು ಮಾಡಿದ್ದೇ ಗದ್ದಲದಿಂದ. ಮೊದಲ ಆಲ್ಬಮ್ ಕೇಳಿದವರು ಮರುಳಾದದ್ದು ಈ ಆ್ಯಂಪ್‌ನ ಊಳಿಗೆ. ಎಲ್ಲೋ ಒಂದು ವೈರು ಸಡಿಲವಾಗಿ ಹುಟ್ಟಿದ ಊಳು ಅದು. ಎರಡನೆಯ ಆಲ್ಬಮ್‌ನ ಏಳು ಹಾಡುಗಳೂ ಅದರಲ್ಲೇ ರೆಕಾರ್ಡಾಗಿದ್ದವು. ಉಳಿದದ್ದು ಒಂದೇ ಹಾಡು. ಸ್ಟುಡಿಯೋ ಸಿಕ್ಕಿದ್ದು ಇವತ್ತಿಗೆ ಮಾತ್ರ. ಇಬ್ಬರೂ ಸೋತು ಸುಣ್ಣವಾಗಿದ್ದರು.

"ಯಾವ ವೈರಿಗೆ ಬೆಸುಗೆ ಹಾಕಿದಾರೋ ಅದನ್ನ ಕಿತ್ತುಬಿಟ್ರಾಯ್ತು," ಗುಂಡ ಎದ್ದ.

"ಮೆತ್ತಗೆ ಮಾತಾಡೋ. ಅಪ್ಪ ಹೊರಗೇ ಕೂತಿದ್ದಾರೆ."

ಅಪ್ಪ ರೇಡಿಯೋ ರಿಪೇರಿ ಮಾಡುವವರು. ಅವಳು ಗಿಟಾರ್ ಹಿಡಿದಾಗಿನಿಂದ ಆ ವಿಷಯಕ್ಕೆ ಚಕಾರ ಎತ್ತಿದವರಲ್ಲ. ಇವತ್ತು ಬೆಳಿಗ್ಗೆ ಮಾತ್ರ ಇಸ್ತ್ರಿ ಮಾಡಿದ ಶರ್ಟು ತೊಟ್ಟು, "ನಾನೂ ಬರ್ತೀನಿ, ಅದು ಭಾರ ಇದೆ" ಎಂದು ಆ್ಯಂಪನ್ನು ತಾವೇ ಹೊತ್ತು ತಂದಿದ್ದರು.

ಅವರ ಕಣ್ಣೆದುರೇ ಅದನ್ನು ಕೆಡಿಸುವುದು ಹೇಗೆ? ಬಿಡಿಸಿ ಹೇಳುವ ತ್ರಾಣವೂ ಅವಳಲ್ಲಿ ಉಳಿದಿರಲಿಲ್ಲ. ಆ ಏಳು ಹಾಡುಗಳನ್ನು ಕೇಳಿದರೆ ತಾವಾಗಿಯೇ ತಿಳಿದುಕೊಂಡಾರು ಎಂದುಕೊಂಡು ಒಳಗೆ ಕರೆದು ಕೂರಿಸಿದಳು, ಹೆಡ್‌ಫೋನ್ ತೊಡಿಸಿದಳು.

ಅಪ್ಪ ಕಣ್ಣು ಮುಚ್ಚಿ ಕೇಳಿದರು. ಹುಬ್ಬು ಗಂಟಿಕ್ಕಿತು. ಹಾಡು ಕಳೆದಂತೆ ಮುಖ ಇಳಿಯುತ್ತ ಬಂತು. ಏಳನೆಯದು ಮುಗಿದ ಮೇಲೆ ಹೆಡ್‌ಫೋನ್ ತೆಗೆದು ತೊಡೆಯ ಮೇಲಿಟ್ಟುಕೊಂಡರು.

"ಆ ಊಳು ಎಲ್ಲಾದ್ರಲ್ಲೂ ಇದೆಯಲ್ಲಮ್ಮ."

"ಹೂಂ ಅಪ್ಪ, ಎಲ್ಲಾದ್ರಲ್ಲೂ ಇದೆ." ಸದ್ಯ, ಅರ್ಥವಾಯಿತಲ್ಲ ಎಂದು ಅವಳು ಉಸಿರುಬಿಟ್ಟಳು.

"ಎಷ್ಟು ಕಷ್ಟಪಟ್ಟು ನುಡಿಸಿದೀರಿ, ಪಾಪ. ಎಲ್ಲಾ ಹಾಳಾಯ್ತು. ಮನೇಲೇ ರಿಪೇರಿಯವನಿದ್ದೂ..." ಅವರು ಹೆಡ್‌ಫೋನಿನ ವೈರು ಸುತ್ತತೊಡಗಿದರು. "ನೀನು ಹೇಳ್ಲಿಲ್ಲ, ಸರಿ. ನಾನಾದ್ರೂ ಒಂದು ಮಾತು ಕೇಳಬಾರದಿತ್ತಾ?"

ಗುಂಡ ಗೋಡೆಯ ಕಡೆ ತಿರುಗಿಕೊಂಡ.

ಅಪ್ಪ ಕುರ್ಚಿಯನ್ನು ಆ್ಯಂಪ್‌ನ ಪಕ್ಕಕ್ಕೆ ಎಳೆದುಕೊಂಡು, ಚಪ್ಪಲಿ ಕಳಚಿ, ಸರಿಯಾಗಿ ಕೂತರು.

"ಈಗ ಚೆನ್ನಾಗಿದೆ. ಮೊದಲನೇ ಹಾಡಿನಿಂದ ಮತ್ತೆ ನುಡಿಸಿಬಿಡಿ. ನಾನು ಕಾಯ್ತೀನಿ."