ಎಂಟೂ ಐವತ್ತೆರಡರ ಪಟ್ಟಿ

"ಬೆಳಗ್ಗೆ ಅಲರ್ಜಿ ಪಟ್ಟೀಗೆ ಹದಿನಾಲ್ಕು ಮಕ್ಕಳನ್ನ ಸೇರಿಸಿದ್ದೆ ಕಣೇ. ನೀನು ಈಗ ಹಾಕಿದ ಹೊಸ ತಂತ್ರಾಂಶ ಅದನ್ನ ಅಳಿಸಿಬಿಡ್ತಾ?" ವಿನಿಪೆಗ್‌ನ ಶಾಲೆಯೊಂದರ ಅಡುಗೆಮನೆಯಿಂದ ನೆಟ್ಟಿ ಫೋನಿನಲ್ಲಿ ಕೇಳಿದಳು. "ಅಪ್ಪ ಅಮ್ಮಂದಿರ ಚೀಟಿಗಳನ್ನೂ ಹರಿದುಹಾಕಿದೀನಿ. ತೆರೆದು ನೋಡೋಕೇ ಭಯ."

ಶಾಲೆಗಳ ಕಂಪ್ಯೂಟರ್‌ಗಳಿಗೆ ದೂರದಿಂದಲೇ ತಂತ್ರಾಂಶ ಕಳಿಸುವುದು ಡಾರ್ಲಾಳ ಕೆಲಸ. ಅವಳು ಕಳಿಸಿದ್ದರಲ್ಲಿ ಹೋದ ವಾರದ ಪಟ್ಟಿಯಿತ್ತು. ಊಟದ ಗಂಟೆಗೆ ಹತ್ತೇ ನಿಮಿಷ.

ಅವಳು ತಂತ್ರಾಂಶವನ್ನು ತಾನಾಗಿ ಹಾಕುವ ಆದೇಶಗಳ ಕಡತ, ಇನ್‌ಸ್ಟಾಲ್ ಸ್ಕ್ರಿಪ್ಟ್, ತೆರೆದಳು. ಪ್ರತಿ ಕಡತವೂ ಕೊನೆಯ ಸಲ ಬದಲಾದ ಸಮಯ ನೋಡಿ, ಶಾಲೆಯಲ್ಲಿರುವುದೇ ಹೊಸದಾದರೆ ಅದನ್ನು ಮುಟ್ಟಬಾರದು ಎಂಬ ಸಾಲು ಅದರಲ್ಲಿತ್ತು. ಅವಳಿಗಿಂತ ಮೊದಲು ಈ ಕೆಲಸ ಮಾಡಿ ನಿವೃತ್ತನಾದ ವಾಲ್ಟ್ ಬರೆದದ್ದು. ಸುಮ್ಮನೆ ಹೊರೆಯೆಂದು ಆ ಸಾಲನ್ನು ಅವಳು ಮುಂದಿನ ಸಲ ತೆಗೆಯಲು ಹೊರಟಿದ್ದಳು.

"ನಿನ್ನ ಕಂಪ್ಯೂಟರಿನಲ್ಲಿ ಪಟ್ಟಿ ಕೊನೆಗೆ ಬದಲಾಗಿದ್ದು ಇವತ್ತು ಬೆಳಗ್ಗೆ ಎಂಟೂ ಐವತ್ತೆರಡಕ್ಕೆ ಅಂತಿದೆ, ನೆಟ್ಟಿ. ಅದು ನಿಂದೇ. ತೆರೆದು ನೋಡು."

ನೆಟ್ಟಿ ತಾನು ಸೇರಿಸಿದ್ದ ಹೆಸರುಗಳನ್ನು ಒಂದೊಂದಾಗಿ ಓದತೊಡಗಿದಳು. ಹದಿನಾಲ್ಕನೆಯದು ಕಿವಿಗೆ ಬಿದ್ದಾಗ ಡಾರ್ಲಾ ಕುರ್ಚಿಗೆ ಒರಗಿದಳು.